ಎರಡು ನಲವತ್ತು

ಮಗಳಿಗೆ ಐದು ತುಂಬುವವರೆಗೆ ನಾವು ಹಾಸನದಲ್ಲಿದ್ದೆವು. ಅವಳಿಗೆ ಸೆರೆಬ್ರಲ್ ಪಾಲ್ಸಿ, ಎಳೆ ಮಿದುಳಿಗಾದ ತೊಂದರೆಯಿಂದ ಕೈಕಾಲಿನ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ವಾರಕ್ಕೆ ಆರು ದಿನ ಫಿಸಿಯೋ ಮನೆಗೇ ಬರುತ್ತಿದ್ದರು. ಸಂಜೆ ನಮ್ಮಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಕಾಲು ನೀವುತ್ತಿದ್ದರು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ, 'ಯಾವಾಗ ನಡೀತಾಳೆ?'

ಈಗ ಇರುವುದು ಸ್ವೀಡನ್ನಿನ ಮಾಲ್ಮೋದಲ್ಲಿ. ಬಂದ ಹೊಸದರಲ್ಲಿ ಸಿಟ್ಟೇ ಬಂತು. ದಿನಾ ಫಿಸಿಯೋ ಇಲ್ಲ. ಇವರು ವ್ಯಾಯಾಮ ಮಾಡಿಸುವುದಕ್ಕಿಂತ ಅಳೆಯುವುದೇ ಜಾಸ್ತಿ. ಮಗುವನ್ನು ಮಲಗಿಸಿ ಪಾದ, ಮಂಡಿ, ತೊಡೆ ಎಷ್ಟೆಷ್ಟು ಡಿಗ್ರಿ ಬಾಗುತ್ತದೆ ಅಂತ ಬರೆದುಕೊಳ್ಳುತ್ತಾರೆ. ಹಸಿರು, ಹಳದಿ, ಕೆಂಪು ಗುರುತಿನ ಹಾಳೆ ಕೊಡುತ್ತಾರೆ. ಆರು ವರ್ಷದವರೆಗೆ ವರ್ಷಕ್ಕೆರಡು ಸಲ. 'ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?' ಅಂದಿದ್ದೆ ಹೆಂಡತಿಗೆ.

ಆಮೇಲೆ ಸೊಂಟದ ಎಕ್ಸ್‌ರೇ ತೆಗೆದರು. ಎಡ ತೊಡೆಮೂಳೆಯ ಗುಂಡು ತನ್ನ ಗೂಡಿನಿಂದ ಶೇ. 40ಕ್ಕಿಂತ ಜಾಸ್ತಿ ಆಚೆ ಸರಿದಿತ್ತು. ಮಗಳು ಒಂದು ದಿನವೂ ನೋವು ಅಂದವಳಲ್ಲ. ಬಿಗಿಯಾದ ಸ್ನಾಯು ಮೂಳೆಯನ್ನು ಸದ್ದಿಲ್ಲದೆ ಎಳೆಯುತ್ತಿರುತ್ತದೆಯಂತೆ. ನಡೆಯಲು ಹೆಚ್ಚು ಕಷ್ಟವಿರುವ ಮಗುವಿಗೇ ಅಪಾಯ ಹೆಚ್ಚು. ಅಂಥ ಮಕ್ಕಳಿಗೆ ಇಲ್ಲಿ ಎಂಟು ವರ್ಷದವರೆಗೆ ವರ್ಷಕ್ಕೊಂದು ಎಕ್ಸ್‌ರೇ. 1994ರಲ್ಲಿ ಇದೇ ದಕ್ಷಿಣ ಸ್ವೀಡನ್ನಿನಲ್ಲಿ ಶುರುವಾದ ಕ್ರಮ. ಸೊಂಟದ ಕೀಲು ಪೂರ್ತಿ ಕಳಚುವುದು ಈಗ ಇಲ್ಲಿ ಅಪರೂಪ.

ಊರಲ್ಲಿ ಮೂರು ಆಸ್ಪತ್ರೆ ಸುತ್ತಿದ್ದೆವು. ಸೊಂಟದ ಎಕ್ಸ್‌ರೇ ತೆಗೆಸಿ ಅಂತ ಒಬ್ಬರೂ ಹೇಳಲಿಲ್ಲ. ಮಷೀನ್ ಇರಲಿಲ್ಲವೇ? ಕೈ ಮುರಿದುಕೊಂಡು ಬಂದವರಿಗೆಲ್ಲ ಅದೇ ಮಷೀನಿನಲ್ಲಿ ತೆಗೆಯುತ್ತಿದ್ದರು! ಕೊರತೆ ದುಡ್ಡಿನದಲ್ಲ, ತಾರೀಖು ಬರೆದಿಟ್ಟು ಮತ್ತೆ ಕರೆಯುವ ಒಂದು ಪುಸ್ತಕದ್ದು ಅಂತ ನನಗನಿಸುತ್ತದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಇಂಥ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳಲು ಜಿಲ್ಲೆಗೊಂದು ಕೇಂದ್ರದ ಮಾತಿದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಯಾವುದಿದೆ?

ನಮ್ಮಲ್ಲೂ ಒಂದು ನಲವತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಅಂಗವೈಕಲ್ಯ ಶೇ. 40 ಇದ್ದರೆ ಮೀಸಲಾತಿಯಂಥ ಸೌಲಭ್ಯ. ಆ ಸರ್ಟಿಫಿಕೇಟಿಗಾಗಿ ಎರಡು ದಿನ ಸಾಲಿನಲ್ಲಿ ನಿಂತಿದ್ದೇವೆ. ಅದು ಬೇಡ ಅಂತಲ್ಲ, ಬೇಕೇ ಬೇಕು. ಆದರೆ ಆ ಕಾಗದ ನೋಡಿ ಅವಳ ಸೊಂಟ ಜಾರುತ್ತಿದೆ ಅಂತ ಯಾರಿಗೆ ಗೊತ್ತಾಗಬೇಕು?

ಆಪರೇಷನ್ ಆಗಿ ವರ್ಷವಾಯಿತು. ಅಮ್ಮ ಫೋನಿನಲ್ಲಿ ಈಗಲೂ, 'ಎಣ್ಣೆ ಹಚ್ತಿದ್ದೀಯೇನೋ?' ಅನ್ನುತ್ತಾರೆ. ಹಚ್ಚುತ್ತಿದ್ದೇನೆ. ಮುಂದಿನ ಎಕ್ಸ್‌ರೇ ಮಾರ್ಚ್‌ನಲ್ಲಿ.