ಪರದೇಶದಲ್ಲಿ ಮನೆ ಕೊಳ್ಳುವ ಮೊದಲು ಅಲ್ಲಿನ ರೀತಿ-ರಿವಾಜು ತಿಳಿದಿರಲೇಬೇಕೇ?

ಪರ: ಮನೆಯ ಜೊತೆ ಊರಿನ ಕಟ್ಟಳೆಯೂ ಬರುತ್ತದೆ

ಉಡುಪಿ ಕಡೆ ಯಾರಾದರೂ ಜಾಗ ಕೊಳ್ಳಲು ಹೊರಟರೆ ಮನೆಯ ಹಿರಿಯರು ಮೊದಲು ಕೇಳುವುದು ಬೆಲೆಯನ್ನಲ್ಲ. "ಅಲ್ಲಿ ನಾಗಬನ ಉಂಟಾ? ದೈವದ ಗುಡಿ ಉಂಟಾ?" ಎಂದು ಕೇಳುತ್ತಾರೆ. ಬನ ಇದ್ದರೆ ಜಾಗದ ಜೊತೆ ತನು-ತಂಬಿಲದ, ಅಂದರೆ ನಾಗನಿಗೆ ಸಲ್ಲಿಸುವ ಸೇವೆಯ ಹೊಣೆಯೂ ಬರುತ್ತದೆ. ಕ್ರಯಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಕ್ಕಿಲ್ಲ. ಊರಿನವರಿಗೆ ಮಾತ್ರ ಗೊತ್ತಿರುತ್ತದೆ. ದೂರದಿಂದ ಬಂದು ಕೊಂಡವರಿಗೆ ಅದು ತಿಳಿಯುವುದು ಜೆಸಿಬಿ ತಂದು ನಿಲ್ಲಿಸಿದ ದಿನ, ಅಕ್ಕಪಕ್ಕದವರು ಬಂದು ತಡೆದಾಗ.

ನಮ್ಮ ಊರಿನಲ್ಲೇ ಇಷ್ಟು ವಿಚಾರಿಸುವ ನಾವು, ಹೊರದೇಶದಲ್ಲಿ ಮನೆ ಕೊಳ್ಳುವಾಗ ಬರೀ ಫೋಟೊ, ಸಾಲದ ಬಡ್ಡಿ, ರೈಲ್ವೆ ಸ್ಟೇಷನ್ನಿಗೆ ಎಷ್ಟು ದೂರ ಎಂದು ನೋಡುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ನನ್ನ ಮಗಳು-ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫ್ಲಾಟ್ ಕೊಂಡರು. ಕಾಗದಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ಅಲ್ಲಿ ನೋಟರಿ ಇಡೀ ಕರಾರನ್ನು ಕೊಳ್ಳುವವರು, ಮಾರುವವರು ಇಬ್ಬರ ಎದುರೂ ಗಟ್ಟಿಯಾಗಿ ಓದಿ ಹೇಳಬೇಕು. ಜರ್ಮನ್ ಬಾರದವರಿಗೆ ಅನುವಾದ ಮಾಡಿಸಬೇಕು. ಅದೆಲ್ಲ ಆಯಿತು. ಕೀಲಿ ತೆಗೆದು ಒಳಗೆ ಹೋದರೆ ಅಡುಗೆಮನೆ ಖಾಲಿ! ಸಿಂಕ್ ಇಲ್ಲ, ಒಲೆ ಇಲ್ಲ, ಒಂದು ಕಪಾಟೂ ಇಲ್ಲ. ಮನೆ ಬಿಡುವವರು ಅಡುಗೆಮನೆಯನ್ನು ಬಿಚ್ಚಿ ತೆಗೆದುಕೊಂಡು ಹೋಗುವುದು ಅಲ್ಲಿ ಹೊಸತೇನಲ್ಲ. ಅದು ಉಳಿಯಬೇಕು ಎಂದಾದರೆ ಕರಾರಿನಲ್ಲಿ ಬರೆಸಬೇಕು. ಇವರಿಗೆ ಯಾರೂ ಹೇಳಲಿಲ್ಲ. ಕೇಳಬೇಕು ಎಂಬುದೇ ಇವರಿಗೆ ಹೊಳೆಯಲಿಲ್ಲ.

ಮೊದಲ ಭಾನುವಾರ ಮಗಳು ನೀರುದೋಸೆಗೆ ಮಿಕ್ಸಿಯಲ್ಲಿ ಅಕ್ಕಿ ರುಬ್ಬುತ್ತಿದ್ದಳು. ಅಳಿಯ ಗೋಡೆಗೆ ಡ್ರಿಲ್ ಹಿಡಿದಿದ್ದ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಭಾನುವಾರ ಅಲ್ಲಿ ಸದ್ದಿಲ್ಲದ ದಿನ. ಡ್ರಿಲ್ಲಿನಂಥ ಕೆಲಸಕ್ಕೆ ಕಾನೂನಿನ ತಡೆಯೇ ಇದೆ. ಮುಂದಿನ ವಾರ ಇವರ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ತೂಗಿತು. 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ಮೆಟ್ಟಿಲು, ಹೊರಗಿನ ಕಾಲುದಾರಿ ಗುಡಿಸುವ ಸರದಿ ಆ ವಾರ ಇವರದು. ಸ್ಟುಟ್‌ಗಾರ್ಟ್ ಇರುವ ವ್ಯೂರ್ಟೆಂಬರ್ಗ್ ಸೀಮೆಯ ಹಳೆಯ ರೂಢಿ ಅದು. ಮಗಳು ಫೋನಿನಲ್ಲಿ ಅತ್ತಳು. "ಅಮ್ಮ, ಇದು ನಮ್ಮ ಮನೆಯಾ, ಅವರ ಮನೆಯಾ?" ಎಂದು ಕೇಳಿದಳು. ಬಾಡಿಗೆ ಮನೆಯಾದರೆ ಬಿಟ್ಟು ಹೋಗಬಹುದಿತ್ತು. ಇದು ಕೊಂಡ ಮನೆ. ಇಪ್ಪತ್ತೈದು ವರ್ಷದ ಸಾಲ.

ಮಿಕ್ಸಿ, ಪೊರಕೆ ಸಣ್ಣ ವಿಷಯ ಎನ್ನುವವರಿದ್ದಾರೆ. ಆದರೆ ಮನೆ ಯಾರದು ಎಂಬುದನ್ನೂ ರೂಢಿಯೇ ತೀರ್ಮಾನಿಸುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದ ಕಟ್ಟನ್ನೇ ನೋಡಿ. ಕುಟುಂಬದ ಆಸ್ತಿ ಹೋಗುತ್ತಿದ್ದದ್ದು ಅಕ್ಕ-ತಂಗಿಯರ ಮಕ್ಕಳಿಗೆ. ಅಪ್ಪ ನೋಡಿಕೊಳ್ಳುತ್ತಿದ್ದ ಕುಟುಂಬದ ಜಾಗ ಅವನ ಮಕ್ಕಳಿಗೆ ಬರುತ್ತಿರಲಿಲ್ಲ. ಇದು ಗೊತ್ತಿಲ್ಲದೆ ಯಾರಾದರೂ ಮಗನ ಕೈಯಿಂದ ಅಪ್ಪನ ಜಾಗ ಕೊಂಡಿದ್ದರೆ ಏನು ಸಿಗುತ್ತಿತ್ತು? ಮಂಗಳೂರಿನ ಮೂಲಗೇಣಿಯೂ ಹಾಗೆ. ಮನೆ ನಿಮ್ಮದು, ನೆಲದ ಒಡೆಯರು ಬೇರೆ. ಲಂಡನ್ನಿನ ಲೀಸ್‌ಹೋಲ್ಡ್ ಫ್ಲಾಟ್ ಎಂದರೆ ಏನು ಎಂದು ಅಲ್ಲಿರುವ ಅಣ್ಣನ ಮಗನಿಗೆ ತಿಳಿಸಲು ನನಗೆ ಈ ಒಂದು ಶಬ್ದ ಸಾಕಾಯಿತು. ಆದರೆ ಮೂಲಗೇಣಿ ಶಾಶ್ವತ. ಲಂಡನ್ನಿನಲ್ಲಿ 99 ವರ್ಷ, 125 ವರ್ಷ ಎಂದು ಅವಧಿ ಇರುತ್ತದೆ. ಉಳಿದ ವರ್ಷ ತೀರಾ ಕಡಿಮೆಯಾದರೆ ಬೆಲೆಯೂ ಇಳಿಯುತ್ತದೆ.

ಅದೇ ವ್ಯೂರ್ಟೆಂಬರ್ಗ್ ಸೀಮೆಯಿಂದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಬಂದ ಉದ್ದೇಶ ಕ್ರೈಸ್ತ ಮತಪ್ರಚಾರ. ಆದರೂ ಇಲ್ಲಿನ ಜನರ ನಡುವೆ ಕೂತು ಕನ್ನಡ ಕಲಿತರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ನಮ್ಮ ಮಕ್ಕಳಿಗೆ ಏಳು ವರ್ಷ ಬೇಡ. ಕೊಳ್ಳಬೇಕೆಂದಿರುವ ಬೀದಿಯಲ್ಲೇ ಆರು ತಿಂಗಳು ಬಾಡಿಗೆಗೆ ಇದ್ದು ನೋಡಲಿ. ಕೆಳಗಿನ ಮನೆಯ ಅಜ್ಜಿಯನ್ನು ಮೊದಲೇ ಮಾತಾಡಿಸಲಿ. ಅಷ್ಟೇ ನಾನು ಕೇಳುವುದು.

ವಿರೋಧ: ಮೊದಲು ಕಾಗದ ನೋಡಿ

ನಾನು ಮಂಗಳೂರಿನವನು. ದುಬೈಯಲ್ಲಿ 19 ವರ್ಷ ಲೆಕ್ಕಪತ್ರದ ಕೆಲಸ ಮಾಡಿದೆ. "ಅಲ್ಲಿನ ರೀತಿ ತಿಳಿದು ನಡೆಯಬೇಕು" ಎಂಬ ಮಾತು ಕೇಳಿಯೇ ಹಣ ಕಳೆದುಕೊಂಡವನು ನಾನು.

2002ರಲ್ಲಿ ದುಬೈ ಕೆಲವು ಜಾಗಗಳಲ್ಲಿ ವಿದೇಶಿಯರಿಗೂ ಮನೆ ಕೊಳ್ಳಲು ಬಿಟ್ಟಿತು. 2006ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಕೊಳ್ಳುವ ಅವಸರ ನಮ್ಮವರಿಗೂ ಹತ್ತಿತು. 2008ರ ಆರಂಭದಲ್ಲಿ ನನಗೆ ಸಿಕ್ಕಿದ ಬ್ರೋಕರ್ ನಮ್ಮ ಕಡೆಯವನೇ. ಮಾತೆಲ್ಲ ತುಳುವಿನಲ್ಲಿ. ಅರಬರ ನಡೆನುಡಿ ಪೂರಾ ಗೊತ್ತಿರುವವನು ಎಂದು ಅವನಿಗೆ ಹೆಸರು. ಇನ್ನೂ ಕಟ್ಟಬೇಕಿದ್ದ ಕಟ್ಟಡದಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್ ತೋರಿಸಿದ. ಹಣ ಯಾವ ಖಾತೆಗೆ ಹೋಗುತ್ತದೆ, ನೋಂದಣಿ ಎಲ್ಲಿ ಎಂದು ಕೇಳಿದೆ. "ಅಣ್ಣ, ಇಲ್ಲಿ ಹಾಗೆಲ್ಲ ಕೇಳ್ಬಾರದು. ಇವರಲ್ಲಿ ಮಾತಿಗೇ ಬೆಲೆ. ಕಾಗದ ಕೇಳಿದ್ರೆ ಅವಮಾನ ಅಂದ್ಕೊಳ್ತಾರೆ" ಎಂದ. ನಾನು ಸುಮ್ಮನಾದೆ. ಮೂರು ಕಂತು ಕಟ್ಟಿದೆ. ಆ ವರ್ಷದ ಕೊನೆಗೆ ಬೆಲೆ ಕುಸಿಯಿತು, ಕೆಲಸ ನಿಂತಿತು. ಫ್ಲಾಟ್ ಇರಬೇಕಾದ ಜಾಗದಲ್ಲಿ ಅಡಿಪಾಯದ ಗುಂಡಿ ಮಾತ್ರ ಇತ್ತು. ನನ್ನ ಹೆಂಡತಿ ಬಳೆ ಮಾರಿ ಕೊಟ್ಟ ಹಣವೂ ಅದರಲ್ಲಿತ್ತು.

ಕಾನೂನು ಏನು ಹೇಳುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. 2007ರಲ್ಲೇ ಎಸ್ಕ್ರೋ ಕಾನೂನು ಬಂದಿತ್ತು. ಕೊಳ್ಳುವವರ ಹಣ ಆ ಕಟ್ಟಡಕ್ಕೇ ಮೀಸಲಾದ ಬ್ಯಾಂಕ್ ಖಾತೆಗೆ ಹೋಗಬೇಕಿತ್ತು. ಕಾಗದ ಕೇಳುವುದು ನನ್ನ ಹಕ್ಕಾಗಿತ್ತು. ಇದನ್ನು ನನ್ನ ಕಚೇರಿಯ ಎಮಿರಾತಿ, ಅಂದರೆ ಆ ದೇಶದವರೇ ಆದ ಹಿರಿಯರೊಬ್ಬರಿಗೆ ಹೇಳಿದೆ. ಅವರು ತುಂಬಾ ನೊಂದುಕೊಂಡರು. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಖುರಾನಿನಲ್ಲೇ ಹೇಳಿದೆ, ನೀನು ಕೇಳಿದ್ದರೆ ಯಾರು ಬೇಸರ ಮಾಡುತ್ತಿದ್ದರು ಎಂದರು.

ಹಾಗಾದರೆ ಅವರ ಸಂಸ್ಕೃತಿ ಗೊತ್ತಿದ್ದರೆ ನೀನು ಉಳಿಯುತ್ತಿದ್ದೆ ಅಲ್ವಾ ಎಂದು ನೀವು ಕೇಳಬಹುದು. ನಿಜ. ಆದರೆ ಅಷ್ಟು ತಿಳಿಯಲು ಎಷ್ಟು ವರ್ಷ ಬೇಕು? 19 ವರ್ಷದಲ್ಲಿ ನಾನು ಎಮಿರಾತಿಯೊಬ್ಬರ ಮನೆಯೊಳಗೆ ಕಾಲಿಟ್ಟದ್ದು ಎರಡೇ ಸಲ. ಅಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನಿಂದ ಬಂದವರು. ನಮ್ಮ ಮಹಡಿಯಲ್ಲಿ ಫಿಲಿಪೀನ್ಸಿನವರು, ಈಜಿಪ್ಟಿನವರು, ಕಾಸರಗೋಡಿನವರು ಇದ್ದರು. ಇವರಲ್ಲಿ ಯಾರ ರೀತಿ ಕಲಿಯಬೇಕಿತ್ತು? ಅರ್ಧ ತಿಳಿದ ಸಂಸ್ಕೃತಿ ನನ್ನ ಬಾಯಿ ಮುಚ್ಚಿಸಿತು.

ಕಾನೂನು ಹಾಗಲ್ಲ. ಅದನ್ನು ಒಂದು ವಾರ ಕೂತು ಓದಬಹುದು, ವಕೀಲರಿಗೆ ಹಣ ಕೊಟ್ಟು ಕೇಳಬಹುದು. ದುಬೈಯಲ್ಲಿ ಮನೆಯನ್ನು ನಮ್ಮ ಹೆಸರಿಗೆ ಮಾಡಿಸಲು ಭೂ ಇಲಾಖೆಗೆ ಬೆಲೆಯ ಶೇಕಡ 4 ಕಟ್ಟಬೇಕು. ಮನೆ ಖಾಲಿ ಬಿದ್ದಿದ್ದರೂ ಚದರಡಿ ಲೆಕ್ಕದಲ್ಲಿ ಪ್ರತಿವರ್ಷ ಸರ್ವಿಸ್ ಚಾರ್ಜ್ ಕೊಡಬೇಕು. ಮುಸ್ಲಿಮೇತರರು ತಮ್ಮ ಇಷ್ಟದಂತೆ ವಿಲ್ ನೋಂದಾಯಿಸಲು 2015ರಿಂದ ಅಲ್ಲಿ ವ್ಯವಸ್ಥೆ ಇದೆ. ಊರಿನ ಹಣ ಕಳುಹಿಸುವುದಾದರೆ ನಮ್ಮ ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್. ಇವು ಗೊತ್ತಿಲ್ಲದಿದ್ದರೆ ಮನೆಯೇ ಕೈಬಿಟ್ಟು ಹೋಗಬಹುದು.

ಮೇಲಿನ ಬರಹದಲ್ಲಿ ಖಾಲಿ ಅಡುಗೆಮನೆಯ ಕತೆ ಓದಿ ನನಗೂ ಬೇಸರವಾಯಿತು. ಆದರೆ ಜರ್ಮನಿಯಲ್ಲಿ ಕರಾರಿನ ಕರಡನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ಕೊಡುತ್ತಾರೆ. ಮನೆಯೊಳಗಿನ ಯಾವ ಯಾವ ಸಾಮಾನು ನಮ್ಮದಾಗುತ್ತದೆ ಎಂದು ಆಗ ಒಬ್ಬ ವಕೀಲರನ್ನು ಕೇಳಿದ್ದರೆ ಸಾಕಿತ್ತು. ಅಳಿಯಸಂತಾನದ ಮಾತೂ ಅಷ್ಟೇ. ಅದು ಹುಟ್ಟಿದ್ದು ರೂಢಿಯಿಂದ, ಒಪ್ಪುತ್ತೇನೆ. ಆದರೆ ಕೊಳ್ಳುವವನು ಅದನ್ನು ಕಾನೂನೆಂದೇ ಎದುರಿಸಬೇಕು.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಮಂಗಳೂರಿನಲ್ಲೇ ಫ್ಲಾಟ್ ಕೇಳಲು ಹೋಗಿ. "ನೀವು ವೆಜ್ಜಾ? ಯಾವ ಜನ?" ಎಂದು ವಿಚಾರಿಸುವವರಿದ್ದಾರೆ. ಮನೆ ಕೊಡುವುದಿಲ್ಲ ಎನ್ನುವಾಗ ಅವರು ಹೇಳುವುದು "ಇಲ್ಲಿನ ಸಂಸ್ಕೃತಿಗೆ ಹೊಂದಬೇಕಲ್ವಾ" ಎಂದೇ. ಮೊದಲು ಹೊಂದಿಕೊಂಡು ಆಮೇಲೆ ಬನ್ನಿ ಎಂಬ ಶರತ್ತು ಮೀನು ತಿನ್ನುವವರಿಗೆ, ಬೇರೆ ಧರ್ಮದವರಿಗೆ ಬಾಗಿಲು ಮುಚ್ಚಲು ಎಷ್ಟು ಸುಲಭದ ನೆಪವಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಅದೇ ಶರತ್ತನ್ನು ನಮ್ಮ ಮಕ್ಕಳು ಪರದೇಶದಲ್ಲಿ ತಾವೇ ತಮ್ಮ ಮೇಲೆ ಹೇರಿಕೊಳ್ಳುವುದು ನನಗೆ ಬೇಡ.

2014ರಲ್ಲಿ ನಾನು ಮತ್ತೆ ಒಂದು ಸಣ್ಣ ಫ್ಲಾಟ್ ಕೊಂಡೆ. ಈ ಸಲ ಭೂ ಇಲಾಖೆಯ ಹಕ್ಕುಪತ್ರ ಕೈಗೆ ಬರುವವರೆಗೆ ಯಾರ ಮಾತಿಗೂ ತಲೆಯಾಡಿಸಲಿಲ್ಲ. ಎದುರು ಮನೆಯ ಈಜಿಪ್ಟಿನವರ ಹೆಸರೂ ಆಗ ನಮಗೆ ಗೊತ್ತಿರಲಿಲ್ಲ. ಮೊದಲ ರಂಜಾನ್ ತಿಂಗಳಲ್ಲಿ ಸಂಜೆ ಅವರ ಮಗಳು ಒಂದು ತಟ್ಟೆ ತುಂಬ ಕತಾಯಿಫ್ ಎಂಬ ಸಿಹಿತಿಂಡಿ ತಂದುಕೊಟ್ಟಳು. ತಟ್ಟೆಯನ್ನು ಖಾಲಿ ಕೊಡಬಾರದು ಎಂದು ನನ್ನ ಹೆಂಡತಿ ಮರುದಿನ ಗೋಳಿಬಜೆ ಕರಿದು, ಉಪವಾಸ ಬಿಡುವ ಹೊತ್ತಿನ ಮಗ್ರಿಬ್ ಬಾಂಗ್ ಆಗುವುದನ್ನು ಕಾದು, ಬಿಸಿಬಿಸಿ ಕೊಟ್ಟು ಬಂದಳು.