ಸ್ಪಷ್ಟನೆ: ಜಾಂಗೋ ಇರುವುದು ಬ್ರೌಸರ್‌ಗೆ ಮಾತ್ರವಲ್ಲ

"ಜಾಂಗೋದಂಥ ವೆಬ್ ಫ್ರೇಮ್‌ವರ್ಕ್ (ಸರ್ವರ್ ತಂತ್ರಾಂಶ ಬರೆಯಲು ನೆರವಾಗುವ ಸಿದ್ಧ ಚೌಕಟ್ಟು) ಬ್ರೌಸರ್‌ಗೆ ಮಾತ್ರ, ಕಾಫಿ ತೂಕದ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಬೇರೆಯೇ ಸರ್ವರ್ ಬರೆಸಬೇಕು" ಎಂಬ ಮಾತು ಕೊಡಗಿನ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಗೋಣಿಕೊಪ್ಪದ ಸಣ್ಣ ವ್ಯಾಪಾರಿ ಎರಡೆರಡು ಸರ್ವರ್‌ಗೆ ದುಡ್ಡು ಸುರಿಯುವಂತಾಗಬಾರದು.

2005ರಲ್ಲಿ ಬಿಡುಗಡೆಯಾದ ಜಾಂಗೋ ನೋಡುವುದು ಎಚ್‌ಟಿಟಿಪಿ ಕೋರಿಕೆಯನ್ನು, ಅಂದರೆ ವೆಬ್ ನಿಯಮದಂತೆ ಬಂದ ಸಂದೇಶವನ್ನು. ಅದನ್ನು ಕಳಿಸಿದ್ದು ಕ್ರೋಮೋ, ಸಿ ಶಾರ್ಪ್‌ನಲ್ಲಿ ಬರೆದ ಬಿಲ್ಲಿಂಗ್ ತಂತ್ರಾಂಶವೋ ಎಂಬುದು ಅದಕ್ಕೆ ಮುಖ್ಯವಲ್ಲ. ಬ್ರೌಸರ್ ಪುಟದ ಎಚ್‌ಟಿಎಂಎಲ್ ಬದಲು, ತಂತ್ರಾಂಶ ಓದಬಲ್ಲ ಜೇಸನ್ ರೂಪದಲ್ಲಿ ಉತ್ತರ ಕಳಿಸಿದರಾಯಿತು.

ಗೊಂದಲ ಹುಟ್ಟುವುದು ಡೆಸ್ಕ್‌ಟಾಪ್‌ನಿಂದ ಮಾಹಿತಿ ಪೋಸ್ಟ್ ಮಾಡಿದಾಗ (ಸರ್ವರ್‌ಗೆ ಕಳಿಸಿದಾಗ) ಬರುವ 403 (ಅನುಮತಿ ಇಲ್ಲ) ದೋಷದಿಂದ. ಇದಕ್ಕೆ ಕಾರಣ ಸಿಎಸ್‌ಆರ್‌ಎಫ್ ತಪಾಸಣೆ: ಬೇರೆ ಸೈಟ್ ನಿಮ್ಮ ಹೆಸರಲ್ಲಿ ಕೋರಿಕೆ ಕಳಿಸದಂತೆ, ಲಾಗಿನ್ ಗುರುತಾದ ಕುಕಿಯನ್ನು ತಾನಾಗಿಯೇ ಕಳಿಸುವ ಬ್ರೌಸರ್‌ಗಾಗಿ ಇಟ್ಟ ಕಾವಲು. ಕುಕಿ ಬಿಟ್ಟು, ಕೋರಿಕೆಯ ಹೆಡರ್‌ನಲ್ಲಿ (ತಲೆಭಾಗದಲ್ಲಿ) ಟೋಕನ್ ಎಂಬ ಗುಪ್ತ ಗುರುತು ಪಡೆಯುವ ಎಪಿಐಗೆ (ತಂತ್ರಾಂಶಗಳು ಸರ್ವರ್ ಜತೆ ಮಾತಾಡುವ ದ್ವಾರಕ್ಕೆ) ಅದು ಬೇಕಿಲ್ಲ. ಎಪಿಐ ಕಟ್ಟಲು ಜಾಂಗೋ ಜತೆ ಬಳಸುವ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಈ ಟೋಕನ್ ವ್ಯವಸ್ಥೆ ಸಿದ್ಧವಾಗಿಯೇ ಇದೆ. ಆದರೆ ದಯವಿಟ್ಟು ಇಡೀ ಸೈಟ್‌ಗೇ ಕಾವಲು ತೆಗೆಸಬೇಡಿ, ಅಡ್ಮಿನ್ ಪುಟವೂ ರಕ್ಷಣೆ ಕಳೆದುಕೊಳ್ಳುತ್ತದೆ.

ತೋಟದ ಕಣದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಲ್ಲ ಎಂಬ ಆತಂಕ ನಿಜವೇ. ಅದಕ್ಕೂ ಬೇರೆ ಸರ್ವರ್ ಬೇಡ. ತೂಕದ ನಮೂದುಗಳನ್ನು ಕಂಪ್ಯೂಟರ್‌ನಲ್ಲೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿಟ್ಟು, ಪ್ರತಿ ಚೀಟಿಗೂ ಒಂದು ಯುಯುಐಡಿ (ಮರುಕಳಿಸದ ಗುರುತು) ಕೊಟ್ಟು, ಸಿಗ್ನಲ್ ಬಂದಾಗ ಕಳಿಸಬಹುದು. ಒಂದೇ ಚೀಟಿ ಎರಡು ಸಲ ಬಂದರೂ ಒಮ್ಮೆಯಷ್ಟೇ ದಾಖಲಾಗುವಂತೆ ಸರ್ವರ್‌ನಲ್ಲಿ ಆ ಯುಯುಐಡಿ ಫೀಲ್ಡ್‌ಗೆ ಯೂನಿಕ್ ನಿರ್ಬಂಧ ಹಾಕಿಸಿ.