ಎಷ್ಟು ಜನವೋ ನಿಂಗೆ ಅಪ್ಪಂದಿರು?

ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಮನೆಯವರ ಬಗ್ಗೆ ನಾಲ್ಕು ವಾಕ್ಯ ಹೇಳಿಸುತ್ತಿದ್ದರು. ನನ್ನ ಸರದಿ ಬಂತು. ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ಮೈ ಫಾದರ್ ಹ್ಯಾಸ್ ಗಾನ್ ಟು ತಿಪಟೂರ್ ಟು ಸೆಲ್ ಕೊಬ್ಬರಿ. ದೇ ವಿಲ್ ಕಮ್ ಆನ್ ಸಾಟರ್ಡೇ." ಕೊಬ್ಬರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ಗೊತ್ತಿರಲಿಲ್ಲ, ಬೈದರೆ ಅದಕ್ಕೇ ಬೈತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಕೊಬ್ಬರಿ ಬಿಟ್ಟು 'ದೇ' ಹಿಡಿದುಕೊಂಡರು. "ಎಷ್ಟು ಜನವೋ ನಿಂಗೆ ಅಪ್ಪಂದಿರು?" ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗಿಯರ ಸಾಲು ಸ್ವಲ್ಪ ಜಾಸ್ತಿಯೇ ನಕ್ಕಿತು ಅನ್ನೋದು ಇವತ್ತಿಗೂ ನೆನಪಿದೆ.

"ಹಿ ವಿಲ್ ಕಮ್ ಅನ್ನು" ಅಂದರು. ಅಂದೆ. ಅಂದಾಗ ನನ್ನ ತಲೆಯೊಳಗೆ ಕೇಳಿಸಿದ್ದು "ಅವನು ಬರ್ತಾನೆ" ಅಂತ. ಅಪ್ಪನನ್ನು ಅವನು, ಇವನು ಅಂದಿದ್ದರೆ ನಮ್ಮಜ್ಜಿ ಸೌಟಿನಲ್ಲೇ ಬಾರಿಸುತ್ತಿದ್ದಳು.

ಇದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. ಅವತ್ತೇ ಅಮ್ಮನ ಬಗ್ಗೆ ಹೇಳಿದ ವಾಕ್ಯ ಸರಿಯಾಗಿತ್ತು. "ಮೈ ಮದರ್ ಈಸ್ ಅಟ್ ಹೋಮ್. ಶಿ ಕುಕ್ಸ್ ವೆಲ್." ತಡವರಿಸಲೇ ಇಲ್ಲ. ಯಾಕೆಂದರೆ ಮನೆಯಲ್ಲಿ ಅಪ್ಪ 'ಬರ್ತಾರೆ', ಅಮ್ಮ 'ಬರ್ತಾಳೆ'. ಗ್ರಾಮರ್ ಬಾರದ ಹುಡುಗನಾಗಿದ್ದರೆ ಎರಡೂ ಕಡೆ ಎಡವಬೇಕಿತ್ತಲ್ಲ? ನಾನು ಒಂದು ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಅದು ಇಂಗ್ಲಿಷಿನದಾಗಿರಲಿಲ್ಲ, ನಮ್ಮ ಮನೆಯದಾಗಿತ್ತು, ಅಷ್ಟೇ. (ಅಮ್ಮನಿಗೇಕೆ 'ಅವಳು' ಅನ್ನೋದು ಬೇರೆಯೇ ಜಗಳ. ಕೆಲವರು ಪ್ರೀತಿ ಅಂತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ.)

ಇದೆಲ್ಲ ಈಗ ನೆನಪಾಗಲು ಕಾರಣ ಅಕ್ಕನ ಮಗ. ಇಂಜಿನಿಯರಿಂಗ್ ಮುಗಿಸಿದ್ದಾನೆ, ಮೊದಲನೇ ಇಂಟರ್‌ವ್ಯೂ ಬಂದಿತ್ತು. "ಒಂದ್ಸಲ ಕೇಳಿಸ್ಕೊ ಮಾಮ" ಅಂತ ಎದುರು ಕೂತು ಶುರು ಮಾಡಿದ. "ಮೈಸೆಲ್ಫ್..." ಅಂದು ಹೆಸರು ಹೇಳಿದ. ಅಲ್ಲೇ ನಿಲ್ಲಿಸಿದೆ.

"ಯಾಕೆ ಮಾಮ, ಎಲ್ಲರೂ ಹಂಗೇ ಅಂತಾರಲ್ಲ?"

ಅಂತಾರೆ, ನಿಜ. ಯಾಕೆ ಅಂತಾರೆ ಅಂತ ಕೂತು ಯೋಚಿಸಿದರೆ ಸಿಗುವುದು ಕನ್ನಡದ ವಾಕ್ಯವೇ. 'ನಾನು ರಮೇಶ' ಅಂದರೆ ನಮಗೆ ಪೂರ್ತಿ ವಾಕ್ಯ, ಕ್ರಿಯಾಪದದ ಹಂಗಿಲ್ಲ. ಅದನ್ನೇ 'ಐ ರಮೇಶ್' ಅಂದರೆ ಬೋಳುಬೋಳು ಅನ್ನಿಸುತ್ತೆ. ಆ ಜಾಗಕ್ಕೆ ಸ್ವಲ್ಪ ತೂಕದ ಪದ ಬೇಕು, 'ಮೈಸೆಲ್ಫ್' ಬಂದು ಕೂರುತ್ತೆ. ಇದು ನನ್ನ ಲೆಕ್ಕಾಚಾರ, ಭಾಷಾಶಾಸ್ತ್ರದವರು ಬೇರೆ ಹೇಳಬಹುದು. ಆದರೆ ಸರಿಪಡಿಸಲು ಅವನಿಗೆ ನಾನು ಹೇಳಿದ್ದು ಇಂಗ್ಲಿಷ್ ರೂಲ್ ಅಲ್ಲ, ಕನ್ನಡದ 'ಕೊಂಡೆ'. ಕನ್ನಡಿಯಲ್ಲಿ ನೋಡಿಕೊಂಡೆ. ಬ್ಲೇಡಿನಲ್ಲಿ ಕೊಯ್ದುಕೊಂಡೆ. ನನ್ನನ್ನು ನಾನೇ ಬೈದುಕೊಂಡೆ. ಮಾಡಿದವನೂ ಅನುಭವಿಸಿದವನೂ ಒಬ್ಬನೇ ಆದಾಗ ನಮ್ಮ ಕ್ರಿಯಾಪದದ ಬಾಲಕ್ಕೆ 'ಕೊಳ್ಳು' ಅಂಟಿಕೊಳ್ಳುತ್ತೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡೋದು ಮೈಸೆಲ್ಫ್. ಇಲ್ಲವೇ 'ನಾನೇ ಮಾಡಿದೆ' ಅನ್ನುವಾಗಿನ ಆ 'ಏ' ಒತ್ತಿಗೂ ಅದೇ ಬರುತ್ತೆ: ಐ ಮೇಡ್ ಇಟ್ ಮೈಸೆಲ್ಫ್. ಹೆಸರು ಹೇಳುವಾಗ ಕೊಳ್ಳುವುದೂ ಇಲ್ಲ, ಒತ್ತುವುದೂ ಇಲ್ಲ. ಐ ಆ್ಯಮ್ ಅಂದು ಹೆಸರು ಹೇಳಿದರೆ ಮುಗೀತು. ಎಲ್ಲ 'ಕೊಂಡೆ'ಗೂ ಇದು ಹೊಂದಲ್ಲ, 'ಬರೆದುಕೊಂಡೆ' ಅಂದರೆ ನೋಟ್ಸ್ ಮಾಡಿಕೊಂಡೆ ಅಂತ ಅಷ್ಟೇ. ಆದರೂ ಹುಡುಗ ಒಂದೇ ಸಲಕ್ಕೆ ಹಿಡಿದ.

ಐ ಮತ್ತು ಮಿ ವಿಷಯದಲ್ಲಿ ಮಾತ್ರ ತಪ್ಪನ್ನು ಕನ್ನಡದ ತಲೆಗೆ ಕಟ್ಟಲಾಗದು. 'ನಾನು', 'ನನಗೆ', 'ನನ್ನನ್ನು' ಇವನ್ನು ಯಾವ ಕನ್ನಡದ ಮಗುವೂ ಅದಲುಬದಲು ಮಾಡಲ್ಲ. ಇಲ್ಲಿ ಎಡವುವುದು ಸ್ವತಃ ಇಂಗ್ಲಿಷಿನವರು. ಚಿಕ್ಕಂದಿನಲ್ಲಿ 'ಮಿ ಆ್ಯಂಡ್ ರವಿ ವೆಂಟ್' ಅಂದಾಗಲೆಲ್ಲ ಬೈಸಿಕೊಂಡು, 'ಮಿ' ಅಂದರೇ ಹೆದರಿಕೆ ಹತ್ತಿ, ಕೊನೆಗೆ 'ಮಿ' ಇರಬೇಕಾದ ಕಡೆಯೂ 'ಬಿಟ್ವೀನ್ ಯು ಆ್ಯಂಡ್ ಐ' ಅನ್ನುವ ಹಂತಕ್ಕೆ ಬರ್ತಾರೆ. ಷೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯೂ ಗೆಳೆಯನಿಗೆ ಬರೆಯುವ ಕಾಗದದಲ್ಲಿ ಹೀಗೇ ಬರೆದಿದ್ದಾನೆ. ಅವನು ಬರೆದರೆ ಸಾಹಿತ್ಯ, ನಾವು ಬರೆದರೆ ಕೆಂಪು ಇಂಕು. ಅನುಮಾನ ಬಂದರೆ ಇನ್ನೊಬ್ಬನನ್ನು ವಾಕ್ಯದಿಂದ ಆಚೆ ಕಳಿಸಿ ನೋಡಿ. 'ಸರ್ ಕಾಲ್ಡ್ ರವಿ ಆ್ಯಂಡ್ ಐ' ಅನ್ನೋದರಲ್ಲಿ ರವಿ ಎದ್ದು ಹೋದರೆ ಉಳಿಯೋದು 'ಸರ್ ಕಾಲ್ಡ್ ಐ'. ಕಿವಿಗೇ ಗೊತ್ತಾಗುತ್ತೆ.

ಇನ್ನು 'ಇಟ್'. ಮಳೆ ಬರ್ತಿದೆ ಅನ್ನೋಕೆ ಇಂಗ್ಲಿಷಿನವನು 'ಇಟ್ ಈಸ್ ರೇನಿಂಗ್' ಅಂತಾನೆ. ಯಾವುದಪ್ಪಾ ಆ 'ಅದು'? ಮೋಡವಾ, ಆಕಾಶವಾ? ಏನೂ ಅಲ್ಲ. ಕರ್ತೃವಿನ ಕುರ್ಚಿ ಖಾಲಿ ಬಿಡೋ ಹಾಗಿಲ್ಲ, ಅದಕ್ಕೊಂದು ಗೊಂಬೆ ಕೂರಿಸಿದ್ದಾರೆ. ನಮಗೆ ಆ ಕಷ್ಟ ಇಲ್ಲ. ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ ಅಂದರೆ ಯಾರು ಅಂತ ಕ್ರಿಯಾಪದವೇ ಹೇಳುತ್ತೆ. ಕರ್ಮವನ್ನೂ ನುಂಗಿಬಿಡ್ತೀವಿ. "ಬುಕ್ ತಂದ್ಯಾ?" "ತಂದೆ." (ಇದು ಅಪ್ಪನ ವಿಷಯ ಅಲ್ಲ, ಪುಸ್ತಕದ್ದು.) ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ಯೆಸ್, ಐ ಬ್ರಾಟ್' ಅಂತ ನಿಲ್ಲಿಸಿದರೆ ಕೇಳುವವನು ಏನನ್ನು ತಂದೆ ಅಂತ ಬಾಯಿ ನೋಡ್ತಾ ಕೂರ್ತಾನೆ. 'ಐ ಬ್ರಾಟ್ ಇಟ್' ಅನ್ನಬೇಕು. ನಮ್ಮವರ ಆಫೀಸ್ ಮೇಲ್‌ಗಳಲ್ಲಿ ಅತಿ ಹೆಚ್ಚು ಕಾಣೆಯಾಗುವ ಪದ ಈ ಎರಡಕ್ಷರದ 'ಇಟ್' ಅಂತ ನನ್ನ ಅನುಭವ.

ಕಾಣೆಯಾಗದಿದ್ದರೆ ಅದರ ಜಾಗದಲ್ಲಿ 'ದಿ ಸೇಮ್' ಇರುತ್ತೆ. 'ಫೈಲ್ ಕಳಿಸಿದ್ದೇನೆ, ಕೈಂಡ್ಲಿ ಚೆಕ್ ದಿ ಸೇಮ್.' ಇದರ ಕನ್ನಡದ ಅಣ್ಣ ಯಾರು ಗೊತ್ತಾ? ತಾಲ್ಲೂಕು ಕಚೇರಿಯ 'ಸದರಿ'. ಸದರಿ ಅರ್ಜಿದಾರರು ಸದರಿ ಜಮೀನಿನ ಬಗ್ಗೆ ಸಲ್ಲಿಸಿದ ಸದರಿ ಅರ್ಜಿ. 'ಅವರು', 'ಅದು' ಅನ್ನೋಕೆ ಯಾರಿಗೆ ಏನು ಕಷ್ಟವೋ ಕಾಣೆ. ಈ ಎರಡನ್ನೂ ಒಟ್ಟಿಗೆ ರಿಟೈರ್ ಮಾಡಿಸಿದರೆ ನಾನೇ ಹಾರ ತರ್ತೀನಿ.

ನಿಜವಾಗಿ ಪೆಟ್ಟು ಬೀಳುವುದು ಬೇರೆ ಕಡೆ. ಹಳೆಯ ಕೆಲಸವೊಂದರಲ್ಲಿ ಎಚ್‌ಆರ್‌ಗೆ ನಾನೊಂದು ಮೇಲ್ ಹಾಕಿದ್ದೆ. ಹೆಸರು ಬದಲಾಯಿಸಿ ಹೇಳ್ತೀನಿ: 'ರಘು ಟೋಲ್ಡ್ ಮಹೇಶ್ ದಟ್ ಹಿಸ್ ಲೀವ್ ಶುಡ್ ಬಿ ಕ್ಯಾನ್ಸಲ್ಡ್.' ಯಾರ ರಜೆ? ನನ್ನ ತಲೆಯಲ್ಲಿದ್ದದ್ದು ಮಹೇಶನದು. ಅಲ್ಲಿ ರದ್ದಾದದ್ದು ರಘುವಿನದು. ಪಾಪ, ಅವನು ಊರಿಗೆ ಬಸ್ ಟಿಕೆಟ್ ಮಾಡಿಸಿಕೊಂಡಿದ್ದ. ಕನ್ನಡದಲ್ಲಿ ಬರೆದಿದ್ದರೆ ಈ ಅನಾಹುತ ಆಗ್ತಿರಲಿಲ್ಲ. ರಘು 'ತನ್ನ' ರಜೆ ಅಂದರೆ ರಘುವಿನದೇ, 'ಅವನ' ರಜೆ ಅಂದರೆ ಸಾಮಾನ್ಯವಾಗಿ ರಘುವಿನದಲ್ಲ. 'ತಾನು' ಅನ್ನೋ ಈ ಒಂದು ಪದ ಇಂಗ್ಲಿಷಿಗಿಲ್ಲ. ಹಾಗಾಗಿ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಂದೇ ವಾಕ್ಯದಲ್ಲಿ ಬಂದರೆ, ಚೆಂದ ನೋಡದೆ ಹೆಸರನ್ನೇ ಇನ್ನೊಂದು ಸಲ ಬರೆಯಿರಿ. ಒಂದೇ ಪದ ಮತ್ತೆ ಮತ್ತೆ ಬಂದರೆ ಮಾರ್ಕ್ಸ್ ಕಟ್ ಅಂತ ಸ್ಕೂಲಿನಲ್ಲಿ ಹೆದರಿಸಿದ್ದು ಸಾಕು.

ಸ್ಕೂಲು ಅಂದಕೂಡಲೇ ಇನ್ನೊಂದು ನೆನಪಾಯ್ತು. ಕನ್ನಡ ಪಿರಿಯಡ್‌ನಲ್ಲಿ 'ನಾನು' ಉತ್ತಮ ಪುರುಷ, 'ಅವನು' ಪ್ರಥಮ ಪುರುಷ. ಬೆಲ್ ಹೊಡೆದು ಇಂಗ್ಲಿಷ್ ಪಿರಿಯಡ್ ಶುರುವಾದರೆ ಫಸ್ಟ್ ಪರ್ಸನ್ ಅಂದರೆ 'ಐ', ಥರ್ಡ್ ಪರ್ಸನ್ ಅಂದರೆ 'ಹಿ'. ಪ್ರಥಮ ಅಂದರೆ ಫಸ್ಟ್ ಅಲ್ಲವಂತೆ! ಈ ಗುಂಡಿ ಇದೆ ನೋಡ್ಕೊಂಡು ನಡೀರಿ ಅಂತ ಇಬ್ಬರು ಮೇಷ್ಟ್ರಲ್ಲಿ ಒಬ್ಬರೂ ಹೇಳಲಿಲ್ಲ.



'ಇಂಗ್ಲಿಷಲ್ಲಿ ಮರ್ಯಾದೆನೇ ಇಲ್ಲ, ದೊಡ್ಡೋರು ಚಿಕ್ಕೋರು ಎಲ್ಲರಿಗೂ ಏಕವಚನ' ಅಂತ ನಮ್ಮ ಕಡೆ ಒಂದು ಮಾತಿದೆ. ಉಲ್ಟಾ. ಇಂಗ್ಲಿಷಿನಲ್ಲಿ ಹಿಂದೆ 'ದೌ' ಅಂದರೆ ನೀನು, 'ಯು' ಅಂದರೆ ನೀವು. 1603ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ವಾಲ್ಟರ್ ರಾಲಿ ಅನ್ನುವ ಆಸ್ಥಾನಿಕನ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಕಿರುಚಿದ್ದು 'ಐ ದೌ ದೀ, ದೌ ಟ್ರೇಟರ್' ಅಂತ. ಅಂದರೆ, 'ನಿಂಗೆ ನೀನು ಅಂತಲೇ ಅಂತೀನಿ ಕಣೋ ದ್ರೋಹಿ'. ವಿಧಾನಸೌಧದಲ್ಲಿ 'ಏಕವಚನದಲ್ಲಿ ಮಾತಾಡಬೇಡಿ' ಅಂತ ಎದ್ದು ನಿಲ್ಲುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅದೇ ಶತಮಾನದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ದೇವರ ಮುಂದೆ ಎಲ್ಲರೂ ಸಮ ಅಂತ ಜಡ್ಜಿಗೂ 'ದೌ' ಅಂದು ಕೆಂಗಣ್ಣಿಗೆ ಗುರಿಯಾದರು. ಬರಬರುತ್ತಾ ಮಾಮೂಲಿ ಮಾತಿನಿಂದ 'ದೌ' ಹೋಯಿತು, ಎಲ್ಲರಿಗೂ 'ಯು' ಉಳಿಯಿತು. ಅಂದರೆ ಇಂಗ್ಲಿಷಿನವರು ನಾಯಿಯನ್ನೂ 'ನೀವು' ಅಂತಲೇ ಕರೆಯೋದು.

ಈಗ ನನ್ನ 'ದೇ'ಗೆ ಬರ್ತೀನಿ. ಒಬ್ಬನಿಗೆ, ಒಬ್ಬಳಿಗೆ 'ದೇ' ಅನ್ನೋದು ಇಂಗ್ಲಿಷಿಗೆ ಹೊಸದಲ್ಲ, 14ನೇ ಶತಮಾನದ ಬರವಣಿಗೆಯಲ್ಲೇ ಇದೆ. 'ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ' ಅಂತ ಆಡುಮಾತಿನಲ್ಲಿ ಯಾವತ್ತೂ ಇತ್ತು. ಗ್ರಾಮರ್ ಪುಸ್ತಕದವರು ಅದನ್ನು ಓಡಿಸಿ 'ಹಿ' ಅಂದರೆ ಹೆಂಗಸರೂ ಸೇರಿದರು ಅಂದುಬಿಟ್ಟರು. ಆ ರೂಲು ನಮ್ಮ ಕಾನೂನಿಗೂ ಬಂತು. 1860ರ ದಂಡಸಂಹಿತೆಯ 8ನೇ ಕಲಮು, 'ಹಿ' ಅನ್ನುವ ಸರ್ವನಾಮ ಗಂಡಿಗೂ ಹೆಣ್ಣಿಗೂ ಅನ್ವಯ ಅನ್ನುತ್ತಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಡು, ಹೆಣ್ಣಿನ ಜೊತೆ ಟ್ರಾನ್ಸ್‌ಜೆಂಡರ್ ಅಂತಲೂ ಸೇರಿಸಿದ್ದಾರೆ. ಸರ್ವನಾಮ ಮಾತ್ರ ಅದೇ 'ಹಿ'. ಅತ್ತ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2019ರ ವರ್ಷದ ಪದ ಅಂತ ಆರಿಸಿದ್ದು 'ದೇ'. ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವವರು ಆ ಪದ ಕೇಳಿದರೆ ಕೊಡೋದೇ ಸರಿ. ನಮಗೆ ಅದು ಕಷ್ಟವೂ ಆಗಬಾರದು. ಗಂಡು ಹೆಣ್ಣು ಕೇಳದ 'ಅವರು' ದಿನಾ ನಮ್ಮ ಬಾಯಲ್ಲೇ ಇದೆಯಲ್ಲ.

ಹಾಗಂತ ಎಂಟನೇ ಕ್ಲಾಸಿನ ನನ್ನ ವಾಕ್ಯ ಈಗ ಸರಿಯಾಗಿಬಿಡಲಿಲ್ಲ. ಆ 'ದೇ'ಯಲ್ಲಿ ಮರ್ಯಾದೆಯ ಅರ್ಥ ಇಲ್ಲ. ಅಪ್ಪ ಗೊತ್ತಿರುವ ಗಂಡಸು, ಹಾಗಾಗಿ 'ಹಿ'. ಮೇಷ್ಟ್ರು ತಿದ್ದಿದ್ದು ಸರಿ. ನಗಿಸಿದ್ದು ಸರಿಯಿಲ್ಲ. "ನಾವು 'ಅವರು' ಅಂತೀವಿ, ಇಂಗ್ಲಿಷಿನವರಿಗೆ ಆ 'ಅವರು' ಇಲ್ಲ ಕಣೋ, ಅವರಿಗೆ 'ಹಿ' ಅಂದರೆ ಅವಮಾನವೂ ಅಲ್ಲ" ಅಂದಿದ್ದರೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಸಿಗದೆ ನಾನು ಪಿಯುಸಿ ಮುಗಿಯುವವರೆಗೂ ಇಂಗ್ಲಿಷಿನಲ್ಲಿ ಅಪ್ಪನಿಗೆ 'ಹಿ' ಅನ್ನಲೇ ಇಲ್ಲ. ಪ್ರತಿ ಸಲವೂ 'ಮೈ ಫಾದರ್', 'ಮೈ ಫಾದರ್' ಅಂತಲೇ ದೂಡಿಕೊಂಡು ಬಂದೆ.

ಅಕ್ಕನ ಮಗ ಇಂಟರ್‌ವ್ಯೂ ಮುಗಿಸಿ ಗೇಟಿನಿಂದಲೇ ಫೋನ್ ಮಾಡಿದ. ಮೈಸೆಲ್ಫ್ ಅನ್ನಲಿಲ್ಲವಂತೆ. ಮನೆಯವರ ಬಗ್ಗೆ ಕೇಳಿದರಂತೆ.

"ಅಪ್ಪಂಗೆ ಹಿ ಅಂದೆ ಮಾಮ. ಅನ್ನೋವಾಗ ಒಂಥರಾ ಆಯ್ತು."

"ಏನಾಯ್ತೋ?"

"ಗೊತ್ತಿಲ್ಲ. ಅಪ್ಪ ಅಲ್ಲೇ ಪಕ್ಕದಲ್ಲಿ ಕೂತಿದ್ದಾರೇನೋ ಅನ್ನಿಸ್ತು."